ಪರೀಕ್ಷಾ ಶುಲ್ಕದ ಮೇಲೆ ನಿಂತ ವಿಶ್ವವಿದ್ಯಾಲಯಗಳು

ಓದುಗರ ಪ್ರಶ್ನೆ: ನನ್ನ ಮಗಳು ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಮೊದಲ ವರ್ಷ ಓದುತ್ತಿದ್ದಾಳೆ. ಅವಳ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಇಬ್ಬರೇ. ಉಳಿದವರೆಲ್ಲ ಅತಿಥಿ ಉಪನ್ಯಾಸಕರು, ಅವರಿಗೆ ಸಂಬಳ ಬಂದು ತಿಂಗಳುಗಳೇ ಆದವಂತೆ. ಲ್ಯಾಬಿಗೆ ಕೆಮಿಕಲ್ ತರಿಸಲು ದುಡ್ಡಿಲ್ಲ. ಆದರೂ ಈ ವರ್ಷ ಶುಲ್ಕ ಏರಿಸಿದ್ದಾರೆ. ಸರ್ಕಾರ ಕೋಟಿಗಟ್ಟಲೆ ಕೊಡುತ್ತದೆ, ಪರೀಕ್ಷಾ ಶುಲ್ಕವೂ ಬರುತ್ತದೆ. ಹಾಗಿದ್ದರೆ ದುಡ್ಡು ಎಲ್ಲಿಗೆ ಹೋಗುತ್ತದೆ? ಉನ್ನತ ಶಿಕ್ಷಣದ ಖರ್ಚನ್ನು ಯಾರು ಹೊರಬೇಕು? ಮಗಳನ್ನು ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರಿಸಬೇಕಿತ್ತೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ. ಮೊದಲು ದುಡ್ಡಿನ ವಿಚಾರ. ವಿಶ್ವವಿದ್ಯಾಲಯಗಳ ಬಜೆಟ್ಟು, ಆಡಿಟ್ ವರದಿಗಳನ್ನು ಬಹಳ ಕಾಲದಿಂದ ಓದುತ್ತಾ ಬಂದಿದ್ದೇನೆ. ದುಡ್ಡೆಲ್ಲ ಯಾರೋ ತಿಂದರು ಎನ್ನುವುದು ಸುಲಭದ ಉತ್ತರ. ಸೋರಿಕೆ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನಾಳೆ ಬೆಳಿಗ್ಗೆಯಿಂದ ಒಂದು ರೂಪಾಯಿಯೂ ಸೋರದೆ ಇದ್ದರೂ ನಿಮ್ಮ ಮಗಳ ವಿಭಾಗದ ಕಷ್ಟ ತೀರುವುದಿಲ್ಲ. ತೊಂದರೆ ಇರುವುದು ದುಡ್ಡು ಬರುವ ದಾರಿಯಲ್ಲೇ.

ಮೈಸೂರು, ಧಾರವಾಡದ ಕರ್ನಾಟಕ, ಬೆಂಗಳೂರು, ಮಂಗಳೂರು, ಗುಲ್ಬರ್ಗ, ಕುವೆಂಪು, ಇಂಥ ವಿವಿಗಳಿಗೆ ದುಡ್ಡು ಮುಖ್ಯವಾಗಿ ಎರಡು ಕಡೆಯಿಂದ ಬರುತ್ತದೆ. ಒಂದು, ಸರ್ಕಾರದ ಅನುದಾನ. ಇದು ಬಹುಪಾಲು ಕಾಯಂ ನೌಕರರ ಸಂಬಳಕ್ಕೇ ಮುಗಿದುಹೋಗುತ್ತದೆ. ಇನ್ನೊಂದು, ಕಚೇರಿ ಭಾಷೆಯಲ್ಲಿ ‘ಆಂತರಿಕ ಸಂಪನ್ಮೂಲ’ ಅನ್ನುತ್ತಾರಲ್ಲ, ಅದು. ವಿವಿಯ ವ್ಯಾಪ್ತಿಗೆ ಸೇರಿಕೊಳ್ಳಲು ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ, ಮರುಮೌಲ್ಯಮಾಪನ ಶುಲ್ಕ, ಘಟಿಕೋತ್ಸವ ಶುಲ್ಕ, ಪೇಮೆಂಟ್ ಸೀಟಿನ ಹಣ, ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿ, ಎಲ್ಲ ಇದರಲ್ಲೇ ಬರುತ್ತವೆ. ಇದರಲ್ಲಿ ದೊಡ್ಡ ಪಾಲು ಸಂಯೋಜಿತ ಕಾಲೇಜುಗಳ ಡಿಗ್ರಿ ವಿದ್ಯಾರ್ಥಿಗಳದು. ಅಂದರೆ ವಿವಿಯ ಕ್ಯಾಂಪಸ್ಸನ್ನು ಒಮ್ಮೆಯೂ ನೋಡದ, ಯಾವುದೋ ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಎ., ಬಿ.ಕಾಂ. ಓದುವ ಮಕ್ಕಳು ಸೆಮಿಸ್ಟರ್‌ಗೊಮ್ಮೆ ಕಟ್ಟುವ ಶುಲ್ಕದಿಂದ ವಿವಿ ನಡೆಯುತ್ತದೆ.

ಹಲವು ದಶಕ ಈ ವ್ಯವಸ್ಥೆ ಹೇಗೋ ನಡೆಯಿತು. ಕಾಲೇಜುಗಳು ಹೆಚ್ಚುತ್ತಾ ಹೋದವು, ವಿದ್ಯಾರ್ಥಿಗಳೂ ಹೆಚ್ಚಿದರು. 18ರಿಂದ 23 ವಯಸ್ಸಿನ ಒಂದು ಲಕ್ಷ ಜನಸಂಖ್ಯೆಗೆ ಕರ್ನಾಟಕದಲ್ಲಿ 66 ಕಾಲೇಜುಗಳಿವೆ ಎಂದು 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ಹೇಳಿತ್ತು. ದೇಶದಲ್ಲೇ ಅದು ಅತಿ ಹೆಚ್ಚು. ಇಷ್ಟು ಕಾಲೇಜುಗಳಿಂದ ಶುಲ್ಕ ಬರುತ್ತಿತ್ತು, ಪರೀಕ್ಷೆಯ ಖರ್ಚು ಕಳೆದು ಒಂದಷ್ಟು ಉಳಿಯುತ್ತಿತ್ತು. ಆ ಉಳಿಕೆಯನ್ನು ನೋಡಿದ ಸರ್ಕಾರಗಳು, ಪಕ್ಷ ಯಾವುದೇ ಇರಲಿ, ‘ನಿಮ್ಮ ಹತ್ತಿರ ದುಡ್ಡಿದೆಯಲ್ಲ, ಅದರಲ್ಲೇ ನಿಭಾಯಿಸಿ’ ಎನ್ನಲು ಶುರು ಮಾಡಿದವು. ಹೀಗೆ ಒಂದೊಂದೇ ಖರ್ಚು ಈ ಪೆಟ್ಟಿಗೆಗೆ ಬಂದು ಸೇರಿತು.

ಅದರಲ್ಲಿ ಮೊದಲನೆಯದು ಪಿಂಚಣಿ. 2006ರ ಏಪ್ರಿಲ್ 1ಕ್ಕಿಂತ ಮೊದಲು ಕೆಲಸಕ್ಕೆ ಸೇರಿದವರಿಗೆ ಹಳೆಯ ಪಿಂಚಣಿ ಪದ್ಧತಿ ಇದೆ. ಸಂಬಳ ಪರಿಷ್ಕರಣೆಯಾದಾಗಲೆಲ್ಲ ಪಿಂಚಣಿಯೂ ಏರುತ್ತದೆ. ಹಳೆಯ ವಿವಿಗಳಲ್ಲಿ ಈಗ ನಿವೃತ್ತರ ಪಟ್ಟಿ ತುಂಬಾ ಉದ್ದ. ಪಿಂಚಣಿಗೆ ಬೇಕಾದಷ್ಟು ಅನುದಾನ ಬಾರದಿದ್ದಾಗ ಕೊರತೆಯನ್ನು ವಿವಿಯೇ ತುಂಬಬೇಕು. ಮೈಸೂರಿನಲ್ಲಿ ನಿವೃತ್ತ ಪ್ರಾಧ್ಯಾಪಕರು ಪಿಂಚಣಿಗಾಗಿ ಬೀದಿಗಿಳಿದ ಸುದ್ದಿಯನ್ನು ನೀವೂ ಓದಿರಬಹುದು. 1916ರಲ್ಲಿ ಶುರುವಾದ, ರಾಜ್ಯದ ಮೊದಲ ವಿವಿ ಅದು. ಜೀವಮಾನವಿಡೀ ಪಾಠ ಹೇಳಿದವರು ಎಪ್ಪತ್ತು ದಾಟಿದ ಮೇಲೆ ಔಷಧಿ ಖರ್ಚಿಗೆ ಕುಲಸಚಿವರ ಕಚೇರಿ ಮುಂದೆ ನಿಲ್ಲಬೇಕಾದರೆ ಅದು ನಮಗೆಲ್ಲ ನೋವಿನ ವಿಷಯ. ಅದೇ ಹೊತ್ತಿಗೆ, ಆ ಪಿಂಚಣಿಯ ಕೊರತೆಯನ್ನು ತುಂಬುವುದು ಹುಣಸೂರಿನ ಬಿ.ಕಾಂ. ಹುಡುಗಿ ಕಟ್ಟಿದ ಪರೀಕ್ಷಾ ಶುಲ್ಕ ಎನ್ನುವುದೂ ಸರಿಯಲ್ಲ. ಇಬ್ಬರಿಗೂ ಅನ್ಯಾಯ.

ಎರಡನೆಯದು ಖಾಲಿ ಹುದ್ದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ಮಗಳ ವಿಭಾಗದ ಸ್ಥಿತಿಗೆ ನೇರ ಕಾರಣ ಇದೇ. ಒಬ್ಬ ಪ್ರಾಧ್ಯಾಪಕರು ನಿವೃತ್ತರಾದರು ಅನ್ನಿ. ಅವರ ಸಂಬಳ ಸರ್ಕಾರದ ಅನುದಾನದಿಂದ ಬರುತ್ತಿತ್ತು. ಹುದ್ದೆ ತುಂಬಲು ಆರ್ಥಿಕ ಇಲಾಖೆ ಒಪ್ಪಿಗೆ ಕೊಡುವುದಿಲ್ಲ. ಅಲ್ಲಿಗೆ ಸರ್ಕಾರಕ್ಕೆ ಆ ಸಂಬಳ ಉಳಿಯಿತು. ಆದರೆ ಪಾಠ ನಿಲ್ಲುವಂತಿಲ್ಲ ಅಲ್ವಾ? ವಿಭಾಗ ಅತಿಥಿ ಉಪನ್ಯಾಸಕರನ್ನು ತೆಗೆದುಕೊಳ್ಳುತ್ತದೆ. ಅವರ ಗೌರವಧನವನ್ನು ವಿವಿ ತನ್ನ ಆಂತರಿಕ ಸಂಪನ್ಮೂಲದಿಂದ ಕೊಡಬೇಕು. ಹಾಗಾಗಿ ಒಂದೊಂದು ಹುದ್ದೆ ಖಾಲಿಯಾದಾಗಲೂ ಖರ್ಚು ಸರ್ಕಾರದ ಖಾತೆಯಿಂದ ವಿವಿಯ ಖಾತೆಗೆ ಸದ್ದಿಲ್ಲದೆ ಜಾರುತ್ತದೆ. ಬಜೆಟ್ಟಿನಲ್ಲಿ ಯಾರೂ ಅನುದಾನ ಕಡಿತ ಮಾಡಿದ್ದೇವೆ ಎಂದು ಬರೆಯುವುದಿಲ್ಲ. ಕಡಿತ ಮಾತ್ರ ಆಗಿಯೇ ಇರುತ್ತದೆ. ನೀತಿ ಆಯೋಗ 2025ರ ಫೆಬ್ರವರಿಯಲ್ಲಿ ರಾಜ್ಯ ವಿವಿಗಳ ಬಗ್ಗೆ ಒಂದು ವರದಿ ಕೊಟ್ಟಿತು. ದೇಶದ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನ ಈ ವಿವಿಗಳ ವ್ಯಾಪ್ತಿಯಲ್ಲೇ ಓದುತ್ತಾರೆ, ಆದರೆ ಅಧ್ಯಾಪಕರ ಹುದ್ದೆಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಖಾಲಿ ಎಂದು ಅದು ಹೇಳಿತು.

ಅತಿಥಿ ಉಪನ್ಯಾಸಕರ ಗೌರವಧನದ ಬಗ್ಗೆಯೂ ಒಂದು ಮಾತು. ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲೇ ಹೇಳಿದೆ. ನಮ್ಮಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ದೊಡ್ಡ ಹೋರಾಟ ಮಾಡಿದ ಮೇಲೆ, 2022ರ ಜನವರಿಯಲ್ಲಿ, ಅವರ ಗೌರವಧನ ಅರ್ಹತೆ ಮತ್ತು ಅನುಭವ ನೋಡಿ 26,000ದಿಂದ 32,000ದವರೆಗೆ ಏರಿತು. ಅದನ್ನಾದರೂ ಸರ್ಕಾರ ಕೊಡುತ್ತದೆ. ವಿವಿ ವಿಭಾಗಗಳಲ್ಲಿ ಪಾಠ ಮಾಡುವವರು ವಿವಿಯ ಕೈಯಲ್ಲಿ ದುಡ್ಡು ಇದ್ದಾಗ ಸಿಗುವುದನ್ನು ಕಾಯಬೇಕು. ಅಧ್ಯಾಪಕರಾಗಲು ಬೇಕಾದ ನೆಟ್ ಪರೀಕ್ಷೆ ಪಾಸಾಗಿ, ಪಿಎಚ್.ಡಿ. ಮುಗಿಸಿ, ನಲವತ್ತರ ಹತ್ತಿರ ಬಂದವರು ಇವರು. ಮನೆ ಬಾಡಿಗೆ ಕಟ್ಟಲು ಸಾಲ ಮಾಡಿಕೊಂಡು ಬಂದು ನಿಮ್ಮ ಮಗಳಿಗೆ ಪಾಠ ಹೇಳುತ್ತಿದ್ದಾರೆ. ಅವರ ಬಗ್ಗೆ ನನಗೆ ಬಹಳ ಗೌರವವಿದೆ.

ಖಾಲಿ ಹುದ್ದೆಯ ಪೆಟ್ಟು ಅಲ್ಲಿಗೇ ನಿಲ್ಲುವುದಿಲ್ಲ. ಸಂಶೋಧನಾ ಯೋಜನೆಗೆ ಅರ್ಜಿ ಹಾಕಲು ಸಾಮಾನ್ಯವಾಗಿ ಕಾಯಂ ಅಧ್ಯಾಪಕರೇ ಬೇಕು. ಪಿಎಚ್.ಡಿ. ಮಾರ್ಗದರ್ಶಕರಾಗಲೂ ಅವರೇ ಬೇಕು. ಅವರಿಲ್ಲದಿದ್ದರೆ ಸಂಶೋಧನೆ ಕುಗ್ಗುತ್ತದೆ, ವಿವಿಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೊಡುವ ಅಂಕ ಇಳಿಯುತ್ತದೆ. ನ್ಯಾಕ್ ಅಂಕ ಇಳಿದರೆ ಹೊರಗಿನಿಂದ ಬರುವ ಅನುದಾನವೂ ಇಳಿಯುತ್ತದೆ. ದೂರಶಿಕ್ಷಣ ನಡೆಸಲು ಸಾಮಾನ್ಯವಾಗಿ ನ್ಯಾಕ್‌ನಲ್ಲಿ 4ಕ್ಕೆ 3.01 ಅಂಕ ಬೇಕೆಂದು ಯುಜಿಸಿ ನಿಯಮ ಮಾಡಿದೆ. ಒಂದು ಕಾಲದಲ್ಲಿ ದೂರಶಿಕ್ಷಣ ಕೆಲವು ವಿವಿಗಳಿಗೆ ಒಳ್ಳೆಯ ಆದಾಯ ತರುತ್ತಿತ್ತು. ಯುಜಿಸಿ ನಿಯಮ ಬಿಗಿಯಾದ ಮೇಲೆ ಆ ದಾರಿಯೂ ಹೆಚ್ಚುಕಡಿಮೆ ಮುಚ್ಚಿತು.

ಮೂರನೆಯದು ಯುಜಿಸಿ ವೇತನ. ಏಳನೇ ವೇತನ ಆಯೋಗದ ಪ್ರಕಾರ ಅಧ್ಯಾಪಕರ ಸಂಬಳ ಏರಿದಾಗ, ಹೆಚ್ಚುವರಿ ಹೊರೆಯಲ್ಲಿ ಅರ್ಧವನ್ನು ಕೇಂದ್ರ ಕೊಟ್ಟಿತು. ಆದರೆ 2016ರ ಜನವರಿಯಿಂದ 2019ರ ಮಾರ್ಚ್‌ವರೆಗೆ ಮಾತ್ರ. ಅದರ ಹಿಂದಿನ ಸಲ, ಆರನೇ ಆಯೋಗದ ಹೊತ್ತಿಗೆ, ನೂರಕ್ಕೆ 80 ಭಾಗ ಕೊಟ್ಟಿತ್ತು. ಅದಕ್ಕೂ 2010ರ ಮಾರ್ಚ್ ಎಂಬ ಗಡುವು ಇತ್ತು. ಗಡುವು ಮುಗಿದ ಮೇಲೆ ಪೂರ್ತಿ ಭಾರ ರಾಜ್ಯದ ಮೇಲೆ. ರಾಜ್ಯ ಹುದ್ದೆ ತುಂಬಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಹೊತ್ತುಕೊಂಡ ಪೆಟ್ಟಿಗೆಯನ್ನೇ ಆಮೇಲೆ ಒಡೆದು ಹಂಚಿದರು. ನನ್ನ ಮಟ್ಟಿಗೆ ದೊಡ್ಡ ಹೊಡೆತ ಇದು.

2023ರಲ್ಲಿ ಬೀದರ್, ಕೊಪ್ಪಳ, ಬಾಗಲಕೋಟೆ, ಹಾವೇರಿ, ಹಾಸನ, ಕೊಡಗು, ಚಾಮರಾಜನಗರಗಳಲ್ಲಿ ಹೊಸ ವಿವಿಗಳು ಶುರುವಾದವು. ಮಂಡ್ಯದಲ್ಲೂ ಒಂದಾಯಿತು. ಹಾಸನ, ಮಂಡ್ಯ, ಚಾಮರಾಜನಗರದ ಕಾಲೇಜುಗಳು ಮೈಸೂರಿನ ಕೈಬಿಟ್ಟು ಹೋದವು. ಕೊಡಗು ಮಂಗಳೂರಿನಿಂದ ಹೋಯಿತು, ಹಾವೇರಿ ಧಾರವಾಡದಿಂದ, ಬೀದರ್ ಗುಲ್ಬರ್ಗದಿಂದ, ಕೊಪ್ಪಳ ಬಳ್ಳಾರಿಯಿಂದ, ಬಾಗಲಕೋಟೆ ಬೆಳಗಾವಿಯ ರಾಣಿ ಚನ್ನಮ್ಮ ವಿವಿಯಿಂದ. ಅದಕ್ಕೂ ಮೊದಲೇ, 2017ರಲ್ಲಿ, ಬೆಂಗಳೂರು ವಿವಿ ಮೂರು ಭಾಗ ಆಗಿತ್ತು. ಇದರ ಜೊತೆಗೆ ದೊಡ್ಡ ಕಾಲೇಜುಗಳು ತಾವೇ ಪರೀಕ್ಷೆ ನಡೆಸುವ ಸ್ವಾಯತ್ತ ಕಾಲೇಜು ಆಗುತ್ತಿವೆ, ತಾವೇ ಪದವಿ ಕೊಡುವ ಡೀಮ್ಡ್ ವಿವಿ ಆಗುತ್ತಿವೆ. ಮಂಗಳೂರಿನ ಸೇಂಟ್ ಅಲೋಶಿಯಸ್ 2024ರ ಜನವರಿಯಲ್ಲಿ ಡೀಮ್ಡ್ ಆಯಿತು. ಅಂಥ ಒಂದೊಂದು ಕಾಲೇಜಿನ ಹಿಂದೆ ಸಾವಿರಾರು ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ ಹೋಗುತ್ತದೆ.

‘ವಿದ್ಯಾರ್ಥಿಗಳು ಕಡಿಮೆಯಾದರೆ ಖರ್ಚೂ ಕಡಿಮೆಯಾಗಬೇಕಲ್ಲ’ ಎಂದು ನೀವು ಕೇಳಬಹುದು. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದು ವಿವಿ ವ್ಯಾಪ್ತಿಯಲ್ಲಿ ಒಂದು ಲಕ್ಷ ಡಿಗ್ರಿ ವಿದ್ಯಾರ್ಥಿಗಳಿದ್ದಾರೆ. ಒಬ್ಬೊಬ್ಬರಿಂದ ವರ್ಷಕ್ಕೆ 3,000 ರೂಪಾಯಿ ಬಂದರೆ 30 ಕೋಟಿ. ಪರೀಕ್ಷಾಂಗ ವಿಭಾಗ ನಡೆಸಲು, ಸಿಬ್ಬಂದಿಗೆ, ಸಾಫ್ಟ್‌ವೇರಿಗೆ, ಪ್ರಶ್ನೆಪತ್ರಿಕೆ ತಯಾರಿಗೆ 6 ಕೋಟಿ ಬೇಕು. ವಿದ್ಯಾರ್ಥಿಗಳು ಎಷ್ಟೇ ಇರಲಿ, ಇಷ್ಟಂತೂ ಬೇಕೇ ಬೇಕು. ಉತ್ತರಪತ್ರಿಕೆ, ಮೌಲ್ಯಮಾಪನ, ಮೇಲ್ವಿಚಾರಕರ ಭತ್ಯೆ ಎಂದು ಒಬ್ಬ ವಿದ್ಯಾರ್ಥಿಗೆ 1,200 ರೂಪಾಯಿ ತಗುಲಿದರೆ ಇನ್ನೊಂದು 12 ಕೋಟಿ. ಒಟ್ಟು ಖರ್ಚು 18 ಕೋಟಿ, ಉಳಿಯುವುದು 12 ಕೋಟಿ. ಈಗ ವಿವಿ ಒಡೆದು 40 ಸಾವಿರ ವಿದ್ಯಾರ್ಥಿಗಳು ಉಳಿದರು ಅನ್ನಿ. ಆದಾಯ 12 ಕೋಟಿ. ಖರ್ಚು 6 ಕೋಟಿ ಮತ್ತು 4.8 ಕೋಟಿ ಸೇರಿ 10.8 ಕೋಟಿ. ಉಳಿಯುವುದು 1.2 ಕೋಟಿ. ವಿದ್ಯಾರ್ಥಿಗಳು ನೂರಕ್ಕೆ 60ರಷ್ಟು ಕಡಿಮೆಯಾದರು. ಉಳಿಕೆ ನೂರಕ್ಕೆ 90ರಷ್ಟು ಇಳಿಯಿತು. ಪಿಂಚಣಿದಾರರು ಮಾತ್ರ ಒಬ್ಬರೂ ಕಡಿಮೆಯಾಗಲಿಲ್ಲ. ಕಾಲೇಜುಗಳು ಹೊಸ ವಿವಿಗೆ ಹೋಗುತ್ತವೆ, ಪಿಂಚಣಿ ತಾಯಿ ವಿವಿಯಲ್ಲೇ ಉಳಿಯುತ್ತದೆ.

ಹೊಸ ವಿವಿಗಳಾದರೂ ಚೆನ್ನಾಗಿವೆಯೇ ಅಂದರೆ ಅದೂ ಇಲ್ಲ. ಆ 6 ಕೋಟಿಯಂಥ ಖರ್ಚನ್ನು ಪ್ರತಿ ಹೊಸ ವಿವಿಯೂ ಮತ್ತೆ ಮೊದಲಿನಿಂದ ಮಾಡಬೇಕು. ಜೊತೆಗೆ ಕುಲಪತಿ, ಇಬ್ಬರು ಕುಲಸಚಿವರು, ಹಣಕಾಸು ಅಧಿಕಾರಿ, ಅವರ ಕಚೇರಿಗಳು, ವಾಹನಗಳು. ಇರುವ ಸ್ನಾತಕೋತ್ತರ ಕೇಂದ್ರಕ್ಕೇ ವಿವಿ ಎಂದು ಬೋರ್ಡು ಹಾಕಿದ್ದು ಬಿಟ್ಟರೆ ಕೈಗೆ ಸಿಕ್ಕ ದುಡ್ಡು ತೀರಾ ಕಡಿಮೆ. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ ಬೀದರ್ ಬಿಟ್ಟು, ಮೇಲೆ ಹೇಳಿದವೂ ಸೇರಿ ಒಟ್ಟು ಒಂಬತ್ತು ಹೊಸ ವಿವಿಗಳನ್ನು ಮುಂದುವರಿಸುವುದು ಬೇಡ ಎಂದಿತು. ಜಿಲ್ಲೆಗಳಲ್ಲಿ ವಿರೋಧ ಎದ್ದಿತು. ವಿರೋಧಿಸಿದವರ ಕಾಳಜಿ ನನಗೆ ಅರ್ಥವಾಗುತ್ತದೆ. ಯಳಂದೂರಿನ ಹುಡುಗಿಗೆ ಮೈಸೂರಿನಲ್ಲಿ ಹಾಸ್ಟೆಲ್ ಹಿಡಿದು ಓದುವುದು ಕಷ್ಟ. ಆದರೆ ಅವಳಿಗೆ ಬೇಕಿರುವುದು ಹತ್ತಿರದ ತರಗತಿ, ಒಳ್ಳೆಯ ಮೇಷ್ಟ್ರು, ಲ್ಯಾಬು. ಕುಲಪತಿಗಳ ಕಚೇರಿ ಹತ್ತಿರ ಇರುವುದರಿಂದ ಅವಳಿಗೆ ಏನೂ ಸಿಗುವುದಿಲ್ಲ. ಸ್ನಾತಕೋತ್ತರ ಕೇಂದ್ರಗಳನ್ನು ಉಳಿಸಿ, ಬೆಳೆಸಿ, ಆಡಳಿತವನ್ನು ಮಾತ್ರ ತಾಯಿ ವಿವಿಗೆ ಸೇರಿಸಬೇಕು ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಅದು ರಾಜಕೀಯವಾಗಿ ಆಗದ ಮಾತು ಅನ್ನುವುದಾದರೆ, ಮೂರು ನಾಲ್ಕು ವಿವಿಗಳಿಗೆ ಸೇರಿ ಒಂದೇ ಪರೀಕ್ಷಾಂಗ ವಿಭಾಗವನ್ನಾದರೂ ಮಾಡಬಹುದು.

ಪರೀಕ್ಷಾ ಶುಲ್ಕವನ್ನು ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಎರಡು ವಿವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿವಿಯ ಕೆಳಗೆ ಇನ್ನೂರಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳಿವೆ. ಅದರ ಖಾತೆಯಲ್ಲಿ ನೂರಾರು ಕೋಟಿ ಠೇವಣಿ ಸೇರಿತ್ತು. 1991ರಲ್ಲಿ ಹುಟ್ಟಿದ ಹಂಪಿ ಕನ್ನಡ ವಿವಿಗೆ ಅಂಥ ಸಂಯೋಜಿತ ಡಿಗ್ರಿ ಕಾಲೇಜುಗಳೇ ಇಲ್ಲ. ಅದು ಸಂಶೋಧನೆಗೆಂದೇ ಕಟ್ಟಿದ ವಿವಿ. ಶಾಸನ, ಹಸ್ತಪ್ರತಿ, ಬುಡಕಟ್ಟು ಅಧ್ಯಯನ, ಜಾನಪದ, ಭಾಷೆ, ಇವುಗಳ ಕೆಲಸದಿಂದ ಪರೀಕ್ಷಾ ಶುಲ್ಕ ಬರುವುದಿಲ್ಲ. ಕರೆಂಟ್ ಬಿಲ್ ಕಟ್ಟಲೂ ಅದು ಪರದಾಡಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕನ್ನಡದ ಹೆಸರಿನಲ್ಲಿ ಇರುವ ಏಕೈಕ ವಿವಿಯ ಗತಿ ಇದು ಎಂದು ಓದಿದಾಗ ಎಷ್ಟು ಕನ್ನಡಿಗರಿಗೆ ಸಂಕಟವಾಗಿರಬಹುದು! ಯಾವ ವಿವಿಯ ಕೆಲಸ ನಾಡಿಗೆ ಎಷ್ಟು ಮುಖ್ಯ ಎನ್ನುವುದನ್ನು ಯಾರೂ ಇಲ್ಲಿ ಲೆಕ್ಕ ಹಾಕಲೇ ಇಲ್ಲ. ಯಾರ ಕೆಳಗೆ ಎಷ್ಟು ಕಾಲೇಜು ಎನ್ನುವುದೇ ಎಲ್ಲವನ್ನೂ ತೀರ್ಮಾನಿಸಿತು.

ಈ ಕಷ್ಟದ ನಡುವೆ ಕೇಂದ್ರದಿಂದಲೂ ಒಂದು ಸಣ್ಣ ಪೆಟ್ಟು ಬಿತ್ತು. ವಿವಿ ಕಾಲೇಜಿಗೆ ಕೊಡುವ ಸಂಯೋಜನೆಗೆ ಶೇ. 18 ಜಿಎಸ್‌ಟಿ ಅನ್ವಯಿಸುತ್ತದೆ ಎಂದು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಬಂತು. ಸಂಶೋಧನಾ ಅನುದಾನಕ್ಕೆ ವಿನಾಯಿತಿ ಸಿಕ್ಕಿತು, ಅದಕ್ಕೆ ಸಂತೋಷ. ಆದರೆ ಸಂಯೋಜನೆಯ ಮೇಲಿನ ತೆರಿಗೆ ಕೊನೆಗೆ ಕಾಲೇಜಿನ ಮೂಲಕ ವಿದ್ಯಾರ್ಥಿಯ ತಲೆಯ ಮೇಲೇ ಬಂದು ಕೂರುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಯಾರು ಕೊಡಬೇಕು?

ಶುಲ್ಕ ಏರಿಸಿ ಅನ್ನುವವರು ಬಹಳ ಜನ ಇದ್ದಾರೆ. ಈ ಮಾತು ಹೊಸದಲ್ಲ. 1993ರಲ್ಲಿ ನ್ಯಾಯಮೂರ್ತಿ ಪುನ್ನಯ್ಯ ಸಮಿತಿ, ವಿವಿಗಳು ಐದು ವರ್ಷದಲ್ಲಿ ತಮ್ಮ ಆವರ್ತಕ ಖರ್ಚಿನ, ಅಂದರೆ ವರ್ಷ ವರ್ಷ ಬರುವ ಖರ್ಚಿನ, ಶೇ. 15ನ್ನು, ಹತ್ತು ವರ್ಷದಲ್ಲಿ ಶೇ. 25ನ್ನು ತಾವೇ ಸಂಪಾದಿಸಬೇಕು ಎಂದಿತ್ತು. ನಮ್ಮ ರಾಜ್ಯದ ವಿವಿಗಳು ಸಂಯೋಜಿತ ಕಾಲೇಜುಗಳ ಬಲದಿಂದ ಆ ಮಿತಿಯ ಆಚೆಗೂ ಹೋಗಿದ್ದವು. ಅದೇ ಅವಕ್ಕೆ ಮುಳುವಾಯಿತು. ಇನ್ನು ಕ್ಯಾಂಪಸ್ಸಿನ ಎಂ.ಎ., ಎಂ.ಎಸ್‌ಸಿ. ಶುಲ್ಕ ಏರಿಸಿದರೆ ಎಷ್ಟು ಸಿಗುತ್ತದೆ? ಕ್ಯಾಂಪಸ್ಸಿನಲ್ಲಿ 4,000 ವಿದ್ಯಾರ್ಥಿಗಳಿದ್ದರೆ, ಒಬ್ಬೊಬ್ಬರಿಗೆ 10,000 ಏರಿಸಿದರೂ ಬರುವುದು 4 ಕೋಟಿ. ಹಳೆಯ ದೊಡ್ಡ ವಿವಿಯೊಂದರ ಪಿಂಚಣಿ ಲೆಕ್ಕದಲ್ಲಿ ಅದು ಒಂದು ತಿಂಗಳಿಗೂ ಸಾಕಾಗುವುದಿಲ್ಲ. ಆದರೆ ಆ 10,000ದಿಂದ ಮನೆಯಲ್ಲಿ ಆಗುವ ಪರಿಣಾಮ ದೊಡ್ಡದು. ನಮ್ಮ ವಿವಿಗಳ ಸ್ನಾತಕೋತ್ತರ ತರಗತಿಗಳಲ್ಲಿ ಹುಡುಗಿಯರೇ ಜಾಸ್ತಿ. ದುಡ್ಡು ಬಿಗಿಯಾದಾಗ ಮನೆಯಲ್ಲಿ ಮೊದಲು ನಿಲ್ಲುವುದು ಯಾರ ಓದು ಎಂದು ನಾನು ಹೇಳಬೇಕಿಲ್ಲ.

ಹಾಗಂತ ಶುಲ್ಕವನ್ನು ಹತ್ತು ವರ್ಷ ಮುಟ್ಟದೆ ಇದ್ದು, ಆಮೇಲೆ ಒಂದೇ ಸಲ ದುಪ್ಪಟ್ಟು ಮಾಡುವುದೂ ತಪ್ಪು. ವರ್ಷ ವರ್ಷ ಬೆಲೆಯೇರಿಕೆಯಷ್ಟು ಸ್ವಲ್ಪ ಏರಲಿ. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ವಿನಾಯಿತಿ ಪೂರ್ತಿ ಇರಲಿ. ವಿದ್ಯಾರ್ಥಿವೇತನದ ಹಣ ಅದೇ ವರ್ಷ ಬರಲಿ. ಇಲ್ಲಿ ಒಂದು ಸೂಕ್ಷ್ಮವಿದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದ ಮಕ್ಕಳ ಶುಲ್ಕವನ್ನು ಸರ್ಕಾರ ಮರುಪಾವತಿ ಮಾಡಬೇಕು. ಆ ಹಣ ತಡವಾದರೆ ವಿವಿ ಸರ್ಕಾರಕ್ಕೇ ಸಾಲ ಕೊಟ್ಟಂತೆ ಆಗುತ್ತದೆ. ಪುಸ್ತಕದಲ್ಲಿ ಆದಾಯ ಕಾಣುತ್ತದೆ, ಬ್ಯಾಂಕಿನಲ್ಲಿ ಕಾಸಿರುವುದಿಲ್ಲ.

‘ವಿದ್ಯಾರ್ಥಿಗಳು ಸಾಲ ಮಾಡಿ ಓದಲಿ, ಕೆಲಸ ಸಿಕ್ಕ ಮೇಲೆ ತೀರಿಸಲಿ’ ಎನ್ನುವ ವಾದವೂ ಇದೆ. ಆಸ್ಟ್ರೇಲಿಯಾ 1989ರಿಂದ ಹೀಗೆ ಮಾಡುತ್ತಿದೆ. ಇಂಗ್ಲೆಂಡು 2012ರಲ್ಲಿ ಶುಲ್ಕದ ಮಿತಿಯನ್ನು 9,000 ಪೌಂಡಿಗೆ ಏರಿಸಿತು. ಸಂಪಾದನೆ ಒಂದು ಮಟ್ಟ ದಾಟಿದ ಮೇಲೆ ಸಂಬಳದಿಂದಲೇ ಕಂತು ಹಿಡಿಯುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಅಲ್ಲೂ 2017ರಿಂದ ಎಷ್ಟೋ ವರ್ಷ ಶುಲ್ಕ 9,250 ಪೌಂಡಿನಲ್ಲೇ ನಿಂತಿತು. ಬೆಲೆಗಳು ಏರಿದವು. ವಿವಿಗಳು ವಿದೇಶಿ ವಿದ್ಯಾರ್ಥಿಗಳ ದೊಡ್ಡ ಶುಲ್ಕವನ್ನು ನಂಬಿಕೊಂಡವು. 2024ರಲ್ಲಿ ವೀಸಾ ನಿಯಮ ಬಿಗಿಯಾದಾಗ ಅವರ ಸಂಖ್ಯೆ ಇಳಿಯಿತು, ಹಲವು ವಿವಿಗಳು ಸಿಬ್ಬಂದಿ ಕಡಿತಕ್ಕೆ ಇಳಿದವು. ನಮ್ಮಲ್ಲಿ ಇನ್ನೂ ಒಂದು ತೊಡಕಿದೆ. ಸಂಬಳದಿಂದ ಕಂತು ಹಿಡಿಯಲು ಸಂಬಳದ ಚೀಟಿ ಇರಬೇಕು. ಎಂ.ಎ. ಮುಗಿಸಿ ಖಾಸಗಿ ಶಾಲೆಯಲ್ಲಿ 12,000ಕ್ಕೆ ಪಾಠ ಮಾಡುವವರಿಂದ ಏನು ಹಿಡಿಯುವುದು? ಎಂಜಿನಿಯರಿಂಗ್, ಎಂಬಿಎಗೆ ಬ್ಯಾಂಕ್ ಸಾಲ ಸರಿಹೋಗಬಹುದು. ಇತಿಹಾಸ, ಕನ್ನಡ, ಸಸ್ಯಶಾಸ್ತ್ರಕ್ಕೆ ಅದು ಒಗ್ಗುವುದಿಲ್ಲ.

ವಿವಿಗಳೇ ಸಾಲ ಮಾಡಲಿ ಎಂದು 2017ರಲ್ಲಿ ಕೇಂದ್ರ ಸರ್ಕಾರ ಕೆನರಾ ಬ್ಯಾಂಕ್ ಜೊತೆ ಸೇರಿ ಹೆಫಾ ಎಂಬ ಸಂಸ್ಥೆ ಮಾಡಿತು. ಐಐಟಿಗಳಂಥ ಸಂಸ್ಥೆಗಳು ಕಟ್ಟಡಕ್ಕೆ ಅಲ್ಲಿ ಸಾಲ ಪಡೆದವು. ಸಂಬಳ ಕೊಡಲು ಕಷ್ಟಪಡುವ ರಾಜ್ಯ ವಿವಿ ಕಂತು ಎಲ್ಲಿಂದ ಕಟ್ಟುತ್ತದೆ?

ರಾಜ್ಯ ವಿವಿಗಳಿಗೆ ಅನುದಾನ ಕೊಡುವ ಕೇಂದ್ರದ ಪಿಎಂ-ಉಷಾ ಯೋಜನೆ ಬೇರೆ ಥರ. 2023-24ರಿಂದ ಮೂರು ವರ್ಷಕ್ಕೆ ದೇಶಕ್ಕೆಲ್ಲ ಸೇರಿ ಸುಮಾರು 12,926 ಕೋಟಿ. ಕರ್ನಾಟಕದಂಥ ರಾಜ್ಯದಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ಆಯ್ದ ವಿವಿಗಳಿಗೆ ತಲಾ 100 ಕೋಟಿಯವರೆಗೆ ಸಿಗುತ್ತದೆ. ಒಳ್ಳೆಯದೇ. ಆದರೆ ಈ ಹಣ ಹೆಚ್ಚಾಗಿ ಕಟ್ಟಡ, ಉಪಕರಣ, ದುರಸ್ತಿಗೆ. ಇದರಲ್ಲಿ ಕಾಯಂ ಮೇಷ್ಟ್ರ ಸಂಬಳ ಕೊಡುವಂತಿಲ್ಲ, ಪಿಂಚಣಿ ಕೊಡುವಂತಿಲ್ಲ. ಹಾಗಾಗಿ ಒಂದೇ ಕ್ಯಾಂಪಸ್ಸಿನಲ್ಲಿ ಹೊಸ ಕಟ್ಟಡವೂ ಏಳುತ್ತದೆ, ಅದರೊಳಗೆ ಪಾಠ ಮಾಡುವವರಿಗೆ ಸಂಬಳವೂ ಇರುವುದಿಲ್ಲ.

ದಾನಿಗಳ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಆಸ್ಪತ್ರೆಗಾಗಿ 425 ಕೋಟಿ ಕೊಟ್ಟರು. ನಂದನ್ ನಿಲೇಕಣಿ ತಾವು ಓದಿದ ಬಾಂಬೆ ಐಐಟಿಗೆ 2023ರಲ್ಲಿ 315 ಕೋಟಿ ಕೊಟ್ಟರು. ದೊಡ್ಡ ಮನಸ್ಸು. ಆದರೆ ದಾನಿಗಳು ಹೊಸದನ್ನು ಕಟ್ಟಲು ಕೊಡುತ್ತಾರೆ, ಹಳೆಯ ಪಿಂಚಣಿ ತೀರಿಸಲು ಯಾರೂ ಕೊಡುವುದಿಲ್ಲ. ನಮ್ಮ ವಿವಿಗಳಲ್ಲಿ ದತ್ತಿ ಚಿನ್ನದ ಪದಕ, ದತ್ತಿ ಉಪನ್ಯಾಸದ ಸಂಪ್ರದಾಯ ಮೊದಲಿನಿಂದಲೂ ಇದೆ. ಅದನ್ನೇ ಬೆಳೆಸಿ ವಿಭಾಗಕ್ಕೊಂದು ವಿದ್ಯಾರ್ಥಿವೇತನ ನಿಧಿ, ಲ್ಯಾಬ್ ನಿಧಿ ಮಾಡಬಹುದು. ಬೆಂಗಳೂರಿನ ಕಂಪನಿಗಳ ಸಿಎಸ್‌ಆರ್ ಹಣವನ್ನು, ಅಂದರೆ ಲಾಭದ ಶೇ. 2ರಷ್ಟು ಸಮಾಜಕ್ಕೆ ಕೊಡಬೇಕಾದ ಹಣವನ್ನು, ಇದಕ್ಕೆ ಕೇಳಬಹುದು. ಇದೆಲ್ಲ ಮೇಲಿನ ಸಹಾಯ ಅಷ್ಟೇ. ಸಂಬಳವನ್ನು ದಾನದ ಮೇಲೆ ನಿಲ್ಲಿಸುವುದು ಸಾಧ್ಯವಿಲ್ಲ.

ಹಾಗಾದರೆ ಉಳಿಯುವುದು ಸರ್ಕಾರ. ಇಲ್ಲಿ ಕೇಂದ್ರದ ಒಂದು ಬಾಕಿಯನ್ನು ಹೇಳಲೇಬೇಕು. ನೀವು, ನಾನು ಆದಾಯ ತೆರಿಗೆಯ ಮೇಲೆ ಶಿಕ್ಷಣ ಸೆಸ್ ಕಟ್ಟುತ್ತಾ ಬಂದಿದ್ದೇವೆ. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದೇ ಶೇ. 1 ಸೆಸ್ ಬಂತು. ಹೀಗೆ ಒಟ್ಟಾದ 83 ಸಾವಿರ ಕೋಟಿಗೂ ಹೆಚ್ಚು ಹಣಕ್ಕೆ ಪ್ರತ್ಯೇಕ ನಿಧಿಯನ್ನೇ ಮಾಡಿರಲಿಲ್ಲ ಎಂದು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ 2017ರಲ್ಲಿ ಎತ್ತಿ ತೋರಿಸಿತು. ಆಮೇಲೆ ನಿಧಿ ಆಯಿತು. ಈಗ ಅದು ಶೇ. 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಆಗಿದೆ. ಸೆಸ್ ಹಣವನ್ನು ಬೇರೆ ತೆರಿಗೆಯಂತೆ ರಾಜ್ಯಗಳಿಗೆ ಹಂಚಬೇಕಿಲ್ಲ. ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲೂ 14ನೇ ಹಣಕಾಸು ಆಯೋಗದ ಶೇ. 4.713ರಿಂದ 15ನೇ ಆಯೋಗದಲ್ಲಿ ಶೇ. 3.647ಕ್ಕೆ ಇಳಿಯಿತು. ವಿದ್ಯಾರ್ಥಿಗಳು ಇರುವುದು ರಾಜ್ಯದ ವಿವಿಗಳಲ್ಲಿ, ಅವರ ಹೆಸರಿನ ಸೆಸ್ ಇರುವುದು ದೆಹಲಿಯಲ್ಲಿ. ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆ ಈ ಹಣದಲ್ಲಿ ಒಂದು ಪಾಲು ರಾಜ್ಯ ವಿವಿಗಳ ಬೋಧನೆಗೆ ಬರಬೇಕು ಎಂದು ಕೇಳುವುದು ಪೂರ್ತಿ ನ್ಯಾಯ.

ಆದರೆ ಕೇಂದ್ರದ ಕಡೆ ಬೆರಳು ತೋರಿಸಿ ರಾಜ್ಯ ಸುಮ್ನೆ ಕೂರುವಂತಿಲ್ಲ. ಪಿಂಚಣಿಯನ್ನು ಪೂರ್ತಿಯಾಗಿ ರಾಜ್ಯದ ಖಜಾನೆಯೇ ವಹಿಸಿಕೊಳ್ಳಬೇಕು. ಆರ್ಥಿಕ ಇಲಾಖೆ ಇದಕ್ಕೆ ಹೆದರುವುದು ಬೇಡ. ಈ ಪಟ್ಟಿಗೆ ಹೊಸಬರು ಸೇರುವುದು 2006ಕ್ಕೇ ನಿಂತಿದೆ. 2005ರಲ್ಲಿ 28ನೇ ವಯಸ್ಸಿಗೆ ಸೇರಿದ ಅಧ್ಯಾಪಕರು 62ಕ್ಕೆ, ಅಂದರೆ 2039ಕ್ಕೆ ನಿವೃತ್ತರಾಗುತ್ತಾರೆ. ಹೆಚ್ಚುಕಡಿಮೆ ಆ ಹೊತ್ತಿಗೆ ಈ ಪಟ್ಟಿಯ ಕೊನೆಯವರೂ ನಿವೃತ್ತರಾಗಿರುತ್ತಾರೆ. ಅಲ್ಲಿಂದ ಮುಂದೆ ಪಟ್ಟಿ ಕುಗ್ಗುತ್ತಲೇ ಹೋಗುತ್ತದೆ. ಕೊನೆ ಇರುವ, ಮೊದಲೇ ಲೆಕ್ಕ ಹಾಕಬಹುದಾದ ಖರ್ಚು ಇದು. ಇಷ್ಟು ಮಾಡಿದರೆ ಹಳೆಯ ವಿವಿಗಳು ಮರುದಿನವೇ ಉಸಿರಾಡುತ್ತವೆ.

ಅದರ ಜೊತೆಗೆ ಖಾಲಿ ಹುದ್ದೆಯ ಲೆಕ್ಕ ಸರಿಯಾಗಬೇಕು. ಹುದ್ದೆ ತುಂಬಿ. ತುಂಬಲು ತಡವಾದರೆ, ತುಂಬುವವರೆಗೆ ಆ ಹುದ್ದೆಯ ಸಂಬಳದ ಅರ್ಧವನ್ನಾದರೂ ಅತಿಥಿ ಉಪನ್ಯಾಸಕರಿಗಾಗಿ ವಿವಿಗೆ ಕೊಡಿ. ಆಗ ಹುದ್ದೆ ಖಾಲಿ ಇಡುವುದರಿಂದ ಸರ್ಕಾರಕ್ಕೆ ಸಿಗುವ ಲಾಭವೂ ಕಡಿಮೆಯಾಗುತ್ತದೆ, ನೇಮಕಾತಿ ಬೇಗ ಆಗುತ್ತದೆ. ವಿದ್ಯಾರ್ಥಿಗಳ ಸಂಖ್ಯೆ, ವಿಷಯ, ಹಿಂದುಳಿದ ಪ್ರದೇಶ, ಸಂಶೋಧನೆ, ಇವನ್ನು ನೋಡಿ ಅನುದಾನಕ್ಕೆ ಒಂದು ಸೂತ್ರ ಮಾಡಿ ಮೂರು ವರ್ಷಕ್ಕೆ ಮೊದಲೇ ಹೇಳಿಬಿಡಬೇಕು. ಈಗ ವರ್ಷದ ಕೊನೆಯಲ್ಲಿ ಕುಲಪತಿಗಳು ವಿಧಾನಸೌಧದ ಕೋಣೆಯಿಂದ ಕೋಣೆಗೆ ಅಲೆಯುತ್ತಾರೆ. ಹಂಪಿಯಂಥ ವಿವಿಗೆ ಈ ಸೂತ್ರದಲ್ಲಿ ಬೇರೆಯೇ ತೂಕ ಇರಬೇಕು.

ಇಷ್ಟು ಕೇಳುವ ಹಕ್ಕು ವಿವಿಗಳಿಗೆ ಬರಬೇಕಾದರೆ ಅವೂ ಒಂದು ಕೆಲಸ ಮಾಡಬೇಕು. ಪರೀಕ್ಷಾ ಶುಲ್ಕದ ಖಾತೆ ಬೇರೆ ಇಡಲಿ. ಎಷ್ಟು ಬಂತು, ಪರೀಕ್ಷೆಗೆ ಎಷ್ಟು ಹೋಯಿತು, ಉಳಿದದ್ದು ಎಲ್ಲಿಗೆ ಹೋಯಿತು ಎಂದು ವರ್ಷಕ್ಕೊಮ್ಮೆ ಕನ್ನಡದಲ್ಲಿ ಒಂದು ಪುಟದಲ್ಲಿ ಪ್ರಕಟಿಸಲಿ. ಅನಗತ್ಯ ಕಟ್ಟಡ, ಟೆಂಡರ್, ನಿಯಮ ಮೀರಿದ ನೇಮಕದ ದೂರುಗಳು ವಿವಿಗಳ ಮೇಲಿನ ನಂಬಿಕೆಯನ್ನು ಬಹಳ ಹಾಳು ಮಾಡಿವೆ. ಲೆಕ್ಕ ತೆರೆದಿಟ್ಟವರ ಮಾತಿಗೆ ವಿಧಾನಸಭೆಯಲ್ಲಿ ಬೆಲೆ ಬರುತ್ತದೆ.

ಇನ್ನು ನಿಮ್ಮ ಮಗಳು. ಒಂದು ವರ್ಷ ಓದಿದ ಮೇಲೆ ಬಿಡಿಸಿ ಖಾಸಗಿಗೆ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಅಲ್ಲಿಯ ಶುಲ್ಕ ಹಲವು ಪಟ್ಟು ಇರುತ್ತದೆ, ಮೂಲ ವಿಜ್ಞಾನದ ಎಂ.ಎಸ್‌ಸಿ.ಗೆ ಎಷ್ಟೋ ಕಡೆ ಅಲ್ಲೂ ಅಧ್ಯಾಪಕರು ಕಡಿಮೆ. ಆ ದುಡ್ಡಿನಲ್ಲಿ ಒಂದು ಭಾಗ ಬೇರೆ ಕಡೆ ಉಪಯೋಗಕ್ಕೆ ಬರುತ್ತದೆ. ಎರಡನೇ ವರ್ಷದ ಪ್ರಾಜೆಕ್ಟನ್ನು ಅವಳು ಹೊರಗಿನ ಲ್ಯಾಬಿನಲ್ಲಿ ಮಾಡಬಹುದೇ ಎಂದು ವಿಭಾಗದ ಮುಖ್ಯಸ್ಥರನ್ನು ಈಗಲೇ ಕೇಳಲಿ. ಬೆಂಗಳೂರು, ಮೈಸೂರಿನ ಸಂಶೋಧನಾ ಸಂಸ್ಥೆಗಳು ಇಂಥ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ. ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ಪಿಗೂ ಅರ್ಜಿ ಹಾಕಲಿ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಹಾಕುವ ಅರ್ಜಿಯನ್ನು ಕೊನೆಯ ದಿನಕ್ಕೆ ಬಿಡಬೇಡಿ, ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಣೆ ಆಗಿದೆಯೇ ನೋಡಿಕೊಳ್ಳಿ. ಅದು ಸರಿಯಿಲ್ಲದೆ ಹಣ ನಿಂತುಹೋದ ಮಕ್ಕಳು ಬಹಳ.

ನೀವೂ ಒಂದು ಕೆಲಸ ಮಾಡಬಹುದು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಮೂರು ಅಂಕಿ ಕೇಳಿ: ಹಿಂದಿನ ವರ್ಷ ಬಂದ ಪರೀಕ್ಷಾ ಶುಲ್ಕ, ಪರೀಕ್ಷೆಗೆ ಆದ ಖರ್ಚು, ಪಿಂಚಣಿ ಕೊರತೆಗೆ ಆಂತರಿಕ ಸಂಪನ್ಮೂಲದಿಂದ ಹೋದ ಹಣ. ಉತ್ತರ ಬಂದ ಮೇಲೆ ಅದರ ಪ್ರತಿಯನ್ನು ನಿಮ್ಮ ಶಾಸಕರಿಗೂ, ನಿಮ್ಮ ಭಾಗದ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರಿಗೂ ಕಳಿಸಿ. ಬಜೆಟ್ ಅಧಿವೇಶನಕ್ಕೆ ಮೊದಲೇ ಕಳಿಸಿದರೆ ಸದನದಲ್ಲಿ ಪ್ರಶ್ನೆಯಾಗಿ ಬರುವ ಸಾಧ್ಯತೆ ಹೆಚ್ಚು.